ಟವೆಲಿನಡಿಯ ಬೆಲೆ

ಕಂಪ್ಯೂಟರ್ ಆಟದ ಬೆಲೆ ನೋಡುವಾಗ ಹಾಲೇಶಣ್ಣ ಮೌಸ್ ಹಿಡಿದ ಕೈಯ ಮೇಲೆ ಟವೆಲ್ ಹೊದಿಸಿಕೊಳ್ಳುತ್ತಿದ್ದರು. ಅವರು ಎತ್ತಿನ ದಲ್ಲಾಳಿ. ಸುತ್ತಲಿನ ಸಂತೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸಿದ ಕೈ ಅದು. "ರೇಟು ಕಣ್ಣಿಗೆ ಕಾಣಬಾರ್ದು, ಕೈಗೆ ತಿಳೀಬೇಕು" ಎನ್ನುವರು. ಸಂತೇಬೆನ್ನೂರಿನ ನನ್ನ ಬ್ರೌಸಿಂಗ್ ಸೆಂಟರಿನ ಪರದೆ ಮಾತ್ರ ಯಾವ ಬೆರಳನ್ನೂ ಚಾಚುತ್ತಿರಲಿಲ್ಲ.

ಅವರಿಗೆ ಬೇಕಿದ್ದದ್ದು ಒಂದೇ ಆಟ, ಬೇಸಾಯದ್ದು. ದಲ್ಲಾಳಿತನದ ಜೊತೆಗಾರ, ಜಗಳೂರಿನ ಬುಡನ್ ಸಾಬರು, ಮಂಡಿನೋವಿನಿಂದ ಮನೆ ಹಿಡಿದ ಮೇಲೆ ಅದನ್ನು ಕೊಂಡಿದ್ದರು. ಇವರೂ ಕೊಂಡರೆ ಇಬ್ಬರೂ ತಮ್ಮತಮ್ಮ ಊರಲ್ಲೇ ಕೂತು ಒಂದೇ ಹೊಲ ಉಳಬಹುದಿತ್ತು. "ಬುಡನ್ ಕೂಡ ಉಳಾಕೆ ನನಗೂ ಆಸೆ ಐತೆ. ಆದ್ರೆ ರೇಟು ನ್ಯಾಯಕ್ಕೆ ಬರ್ಬೇಕಲ್ರೀ."

ಅದೇ ಆಟ ಬೇರೊಂದು ದೇಶದಲ್ಲಿ ಅರ್ಧಕ್ಕೇ ಸಿಗುತ್ತದೆಂದು ನಾನು ಬಾಯಿಬಿಟ್ಟೆ. ಆಯಾ ದೇಶದವರ ದುಡಿಮೆ ನೋಡಿ ಬೆಲೆ ಕಟ್ಟುತ್ತಾರೆ ಎಂದೂ ವಿವರಿಸಿದೆ.

"ನಮ್ಮ ದೇಶದಾಗೆ ಯಾರ ದುಡಿಮೆ ನೋಡಿದ್ರು? ಬೆಂಗಳೂರಿಂದೋ, ನಮ್ಮ ಕತ್ತಲಗೆರೆ ಹಳ್ಳೀದೋ?"

ಅಗ್ಗಕ್ಕೆ ಸಿಗುವ ಆ ದೇಶದವರೆಂದು ಸುಳ್ಳು ವಿಳಾಸ ಕೊಟ್ಟು ಕೊಳ್ಳುವವರಿದ್ದಾರೆ ಎಂದೆ. ರೇಗಿಬಿಟ್ಟರು. "ಸುಳ್ಳು ಊರು ಹೇಳಿ ಹೊಡ್ಕೊಂಡು ಬಂದ ಎತ್ತು ನಮ್ಮ ಕೊಟ್ಟಿಗ್ಯಾಗೆ ನಿಲ್ತೈತೇನ್ರೀ?"

ಒಂದು ಸಂತೆಯ ದಿನ ಬೆಲೆ ತಾನಾಗಿಯೇ ಅರ್ಧಕ್ಕಿಳಿಯಿತು. ನಾನು ಹಿಗ್ಗಿದೆ, ಅವರು ಹುಬ್ಬು ಗಂಟಿಕ್ಕಿದರು. "ಕೇಳ್ದೇನೇ ಅರ್ಧ ಬಿಟ್ಟೋನು ಇನ್ನೂ ಬಿಡ್ತಾನೆ. ಎದ್ದು ಹೊಂಟ್ರೆ ಕೂಗ್ತಾನೆ, ನೋಡ್ರಿ." ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ಬಾಗಿಲಿಗೆ ನಡೆದರು. ಕಣ್ಣೆದುರೇ ಇದ್ದ ಚಪ್ಪಲಿಯನ್ನು ಬಹಳ ಹೊತ್ತು ಹುಡುಕಿದರು.

ಮುಂದಿನ ಸಂತೆಗೆ ಬಂದಾಗ ರಿಯಾಯಿತಿ ಮುಗಿದು ಬೆಲೆ ಮತ್ತೆ ಮೇಲೇರಿತ್ತು.

"ಕೂಗ್ಲೇ ಇಲ್ಲಲ್ರೀ!" ಎಂದು ಒಮ್ಮೆ ಪರದೆಯನ್ನು, ಒಮ್ಮೆ ನನ್ನನ್ನು ನೋಡಿದರು. ಅಷ್ಟು ಕಕ್ಕಾಬಿಕ್ಕಿಯಾದ ಮುಖವನ್ನು ನಾನು ಇನ್ನೊಂದು ಕಂಡಿಲ್ಲ. ಅದೇ ಕೊನೆಯ ಭೇಟಿ. ಮರುವಾರ ಎದೆನೋವು ಬಂದು ತೀರಿಕೊಂಡರು.

ಬೆಲೆ ಮತ್ತೆ ಇಳಿದಾಗ ಆಟವನ್ನು ನಾನೇ ಕೊಂಡೆ. ಅದು ನ್ಯಾಯದ ಬೆಲೆಯೋ ಅಲ್ಲವೋ, ಇವತ್ತಿಗೂ ಗೊತ್ತಿಲ್ಲ. ಒಳಹೊಕ್ಕರೆ ಬುಡನ್ ಸಾಬರ ಹೊಲದಲ್ಲಿ ಅರ್ಧ ಉಳುಮೆಯಾಗಿತ್ತು, ಅರ್ಧ ಬೀಳುಬಿದ್ದಿತ್ತು. ಹಾಲೇಶಣ್ಣನ ಪಾಲೆಂದು ಹಾಗೇ ಬಿಟ್ಟಿದ್ದರಂತೆ.

"ಎಷ್ಟಕ್ಕೆ ಬಿತ್ರೀ?" ಹೆಡ್‌ಫೋನಿನಲ್ಲಿ ಸಾಬರು ಕೇಳಿದರು.

ಹೇಳಿದೆ.

"ಜಾಸ್ತಿ ಆತು. ನಮ್ಮ ಹಾಲೇಶಿ ಇದ್ದಿದ್ರೆ ಇನ್ನೂ ಇಳಿಸ್ತಿದ್ದ."