ತಲೆದೆಸೆಯ ಬೆಳಕು

ಶಕುನ, ಮುನ್ಸೂಚನೆ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬೆಕ್ಕು ಅಡ್ಡ ಬಂತೆಂದು ಮನೆಗೆ ವಾಪಸಾದ ನನ್ನ ಸೋದರಮಾವನನ್ನೇ ಎದುರಿಗೆ ಹಂಗಿಸಿದವನು ನಾನು. ಈಗ ಅಂಥದೇ ಒಂದು ಸಂಗತಿ ಬರೆಯಲು ಕೂತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಎರಡು ಸಾವಿರದ ಮೂರನೇ ಇಸವಿ ಇರಬೇಕು. ಕೊಳ್ಳೇಗಾಲದಲ್ಲಿ ನನ್ನ ಡಿಗ್ರಿಯ ಕೊನೆಯ ವರ್ಷ. ನಮ್ಮ ಕಂಪ್ಯೂಟರ್ ಲ್ಯಾಬಿನಷ್ಟು ಹೇಸಿಗೆಯ ಜಾಗ ಇನ್ನೊಂದನ್ನು ನಾನು ನೋಡಿಲ್ಲ. ಮಿಷನ್ನಿಗೆ ಧೂಳು ಬೀಳಬಾರದೆಂದು ಚಪ್ಪಲಿ, ಶೂ ಎಲ್ಲ ಹೊರಗೆ ಬಿಡಬೇಕು, ಕಿಟಕಿ ತೆರೆಯಬಾರದು. ಒಳಗೆ ಮೂವತ್ತು ಜನರ ಕಾಲುಚೀಲದ ನಾತ. ಅದು ಸಾಲದೆಂದು ಹಿಂದಿನ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸುತ್ತಿದ್ದರು. ಬೆಂದ ಹುಳುವಿನ ವಾಸನೆ ಕಿಟಕಿಯ ಸಂದಿಯಲ್ಲಿ ನುಗ್ಗುತ್ತಿತ್ತು. ಕೀಬೋರ್ಡಿನ ಮೇಲೆ ಯಾರು ಯಾರದೋ ಬೆರಳಿನ ಜಿಡ್ಡು. ಊಟ ಮಾಡಿ ಹೋದರೆ ತಿಂದದ್ದು ಗಂಟಲಿಗೆ ಬರುತ್ತಿತ್ತು.

ಪ್ರಾಜೆಕ್ಟಿಗೆ ನನ್ನ ಜೋಡಿ ಮಲ್ಲು. ಹತ್ತಿರದ ಹಳ್ಳಿ ಶಾಗ್ಯದವನು, ಹಾಸ್ಟೆಲಿನಲ್ಲಿದ್ದ. ಪರದೆಯ ಮೇಲೆ ಒಂದು ಕೋಣೆ ಕಟ್ಟಿ, ಒಳಗೊಂದು ದೀಪ ಇಟ್ಟು, ಗೋಡೆಗೂ ಸಾಮಾನಿಗೂ ಬೆಳಕು ಹೇಗೆ ಬೀಳುತ್ತದೆಂದು ತೋರಿಸಬೇಕಿತ್ತು. ಯಾವ ಕೋಣೆ ಎಂದು ತಲೆ ಕೆಡಿಸಿಕೊಳ್ಳದೆ ಮಲ್ಲು ತನ್ನ ಮನೆಯ ಪಡಸಾಲೆಯನ್ನೇ ಮೊಳದಲ್ಲಿ ಅಳೆದು ತಂದಿದ್ದ. ನಡುವೆ ಅವನ ಅವ್ವನ ಮಂಚ. ಆ ಅವ್ವ ಕಾಮಾಲೆಯಾಗಿ ಹದಿನೈದು ದಿನದಿಂದ ಹಾಸಿಗೆ ಹಿಡಿದಿದ್ದರು. ಶನಿವಾರ ಮಧ್ಯಾಹ್ನ ಒಂದು ಗಂಟೆಯ ಬಸ್ಸಿಗೆ ಅವನು ಊರಿಗೆ ಹೋಗಿ ಅವರನ್ನು ನೋಡಬೇಕಿತ್ತು.

ಆ ಶನಿವಾರ ಬೆಳಿಗ್ಗೆಯೇ ಲ್ಯಾಬಿಗೆ ಹೋದೆವು. ಸೋಮವಾರ ಪ್ರಾಜೆಕ್ಟ್ ತೋರಿಸಬೇಕು. ಇಬ್ಬರಿಗೊಂದು ಮಿಷನ್, ರಿಜಿಸ್ಟರಿನಲ್ಲಿ ಸಹಿ ಹಾಕಿದ ಇಬ್ಬರಲ್ಲಿ ಒಬ್ಬ ಎದ್ದು ಹೋದರೂ ಅಟೆಂಡರ್ ಅದನ್ನು ಕಾದು ನಿಂತ ಬೇರೆ ಜೋಡಿಗೆ ಕೊಟ್ಟುಬಿಡುತ್ತಿದ್ದ. ಸೀನಿಯರ್ ಒಬ್ಬರ ಫ್ಲಾಪಿಯಿಂದ, ಚಿತ್ರ ಬಿಡಿಸಲು ಬೇಕಾದ ಲೈಬ್ರರಿ ಫೈಲುಗಳನ್ನು ಒಂದೊಂದಾಗಿ ಅದರದರ ಫೋಲ್ಡರಿಗೆ ಹಾಕುವುದರಲ್ಲೇ ಹನ್ನೊಂದಾಯಿತು. ಒಂದು ಫೈಲು ಜಾಗ ತಪ್ಪಿದರೂ ಬಿಲ್ಡ್ ಆಗದು, ಎಂದರೆ ಬರೆದದ್ದು ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಳ್ಳದು, ಪರದೆ ತುಂಬ ತಪ್ಪುಗಳ ಪಟ್ಟಿ. ಅಂತೂ ಹನ್ನೆರಡು ದಾಟಿದ ಮೇಲೆ ಬಿಲ್ಡ್ ಆಯಿತು. ಓಡಿಸಿದೆ.

ದೀಪ ಸೂರಿನ ನಡುವೆ ತೂಗುವಂತೆ ನಾನೇ ಅಂಕಿ ಕೊಟ್ಟಿದ್ದೆ. ಆದರೆ ಬೆಳಕು ಇದ್ದದ್ದು ನೆಲದಲ್ಲಿ, ಮಂಚದ ತೆಂಕಲ ತುದಿಗೆ. ನಮ್ಮ ಕಡೆ ಹೆಣವನ್ನು ತೆಂಕಲಿಗೆ ತಲೆ ಮಾಡಿ ಮಲಗಿಸಿ ತಲೆದೆಸೆಯಲ್ಲಿ ದೀಪ ಇಡುತ್ತಾರೆ.

"ಲೇ, ಅದು ತಲ್ದೆಸ ಕಣ್ಲಾ. ತೆಗಿಲಾ ಅದ," ಎಂದ ಮಲ್ಲು. ಅವನ ಮುಖ ಬಿಳಿಚಿತ್ತು.

ಅಂಕಿ ಬದಲಿಸಿದೆ. ಬೆಳಕು ಅಲ್ಲೇ. ಹಳೆಯ ಫೈಲು ಓಡುತ್ತಿರಬಹುದೆಂದು ಅದನ್ನು ಅಳಿಸಿ, ಮಿಷನ್ ಆರಿಸಿ ಹಚ್ಚಿ, ಮೊದಲಿನಿಂದ ಬಿಲ್ಡ್ ಮಾಡಿದೆ. ಅಲ್ಲೇ. ಕೊನೆಗೆ ದೀಪದ ಜಾಗ ಹೇಳುವ ಸಾಲನ್ನೇ ಕಿತ್ತುಹಾಕಿದೆ. ಆಗಲೂ ಅಲ್ಲೇ.

"ನಾ ಊರ್ಗೋಯ್ತೀನಿ ಕಣ್ಲಾ. ಅವ್ವುನ್ನ ನೋಡ್ಬೇಕು," ಎಂದು ಮಲ್ಲು ಎದ್ದ. ಒಂದಕ್ಕೆ ಹತ್ತು ನಿಮಿಷ ಇತ್ತು.

ನಾನು ಅವನ ಅಂಗಿ ಹಿಡಿದೆಳೆದೆ. "ಕಂಪ್ಯೂಟರ್ ಓದ್ಬುಟ್ಟು ಹಿಂಗಾಡ್ತೀಯಲ್ಲ, ಥೂ! ನೀ ಎದ್ರ ಮಿಷನ್ ಓಯ್ತದ. ಸುಮ್ನ ಕೂತ್ಕ." ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಆ ನಾತಕ್ಕಿಂತ, ಆ ಹುಳುವಿನ ವಾಸನೆಗಿಂತ ಮಲ್ಲುವಿನ ಹೆದರಿಕೆ ನನಗೆ ಅಸಹ್ಯವಾಗಿತ್ತು. ಅವನು ಕೂತ.

ಮೂರು ಗಂಟೆ ಸುಮಾರಿಗೆ, ಬೇರೆ ದಾರಿ ಕಾಣದೆ, ಬೆಳಿಗ್ಗೆ ಬರೆದಿದ್ದ ಸಾಲನ್ನೇ ಮತ್ತೆ ಟೈಪ್ ಮಾಡಿ ಓಡಿಸಿದೆ. ಬೆಳಕು ಸೂರಿನ ನಡುವೆ ಬಂದಿತ್ತು. "ನೋಡ್ದೇನ್ಲಾ?" ಎಂದು ಬೀಗಿದೆ. ಮಲ್ಲು ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ.

ಅವನ ಅವ್ವ ತೀರಿಕೊಂಡರೆಂದು ರಾತ್ರಿ ಹಾಸ್ಟೆಲಿನವರು ಹೇಳಿದರು. ಭಾನುವಾರ ಬೆಳಿಗ್ಗೆ ಶಾಗ್ಯಕ್ಕೆ ಹೋದೆ. ಅಲ್ಲಿಯವರೆಗೆ ಆ ಮನೆಯ ಹೊಸಿಲು ತುಳಿದವನಲ್ಲ. ಆದರೂ ಪಡಸಾಲೆಯೊಳಗೆ ಕಾಲಿಟ್ಟಾಗ ದೀಪ ಎಲ್ಲಿದೆ ಎಂದು ಹುಡುಕಬೇಕಾಗಲಿಲ್ಲ. ಗೋಡೆಯ ಮೇಲೆ ಬೆಳಕು ಎಷ್ಟೆತ್ತರಕ್ಕೆ ಬಿದ್ದು ಎಲ್ಲಿ ಮಂಕಾಗಿತ್ತೋ ಅದು ಸಹ ಪರದೆಯಲ್ಲಿ ಕಂಡಂತೆಯೇ ಇತ್ತು. ಹೊರಗೆ ಹೋಗಿ ವಾಂತಿ ಮಾಡಿದೆ.

ಸೋಮವಾರ ನಾನೊಬ್ಬನೇ ಪ್ರಾಜೆಕ್ಟ್ ತೋರಿಸಿದೆ. ಬೆಳಕು ಸಹಜವಾಗಿ ಬಂದಿದೆಯೆಂದು ಮೇಷ್ಟರು ಮೆಚ್ಚಿದರು. ಆಮೇಲೆ ಬಲ್ಲವರನ್ನು ಎಷ್ಟೋ ಸಲ ಕೇಳಿದ್ದೇನೆ. ಹಳೆಯ ಫೈಲೇ ಓಡಿರಬೇಕು ಎನ್ನುತ್ತಾರೆ. ಇರಬಹುದು. ಆದರೆ ಹಳೆಯದರಲ್ಲೂ ಹೊಸದರಲ್ಲೂ ನಾನು ದೀಪವನ್ನು ಅಲ್ಲಿ ಇಟ್ಟಿರಲಿಲ್ಲ.

ಭಾನುವಾರ ನಾನು ಬಾಯಿ ತೊಳೆದುಕೊಂಡು ಮತ್ತೆ ಒಳಗೆ ಬಂದಾಗ ಮಲ್ಲುವಿನ ಅಕ್ಕ ಅವನನ್ನು ಹಿಡಿದುಕೊಂಡು ಅಳುತ್ತಿದ್ದಳು. "ಮೂರ್ ಗಂಟವರ್ಗೂ ಬಾಗ್ಲನ್ನೇ ನೋಡ್ತಿತ್ತು ಕನೋ ಅವ್ವ. ಒಂದ್ ಗಂಟ ಬಸ್ಗ ಬಂದಿದ್ರ ಒಂದ್ ಮಾತಾದ್ರೂ ಆಡ್ತಿತ್ತಲ್ಲೋ!"

ಮಲ್ಲು ತಲೆಯೆತ್ತಿ ನನ್ನನ್ನು ನೋಡಿದ. "ಬಸ್ ತಪ್ಪೋಯ್ತು ಕನಕ್ಕ," ಎಂದ.

ಅವನ ಅಕ್ಕ ಈಗಲೂ ಕೊಳ್ಳೇಗಾಲದ ಸಂತೆಯಲ್ಲಿ ಸಿಕ್ಕರೆ, ತಮ್ಮನ ಸ್ನೇಹಿತನೆಂದು ಕರೆದು ಮಾತಾಡಿಸುತ್ತಾಳೆ.