ಕುಣಿದಾದ ಮೇಲಿನ ಮಾತು

ಗಣಿಯ ಶಿಫ್ಟ್ ಮುಗಿಸಿ ಪರ್ತ್‌ಗೆ ಬಂದಿಳಿದ ದಿನವೇ ಇಲ್ಲಿನ ನಮ್ಮ ಭಾರತೀಯರ ಸಂಘದ ಅಧ್ಯಕ್ಷರು ಫೋನ್ ಮಾಡಿ, ಬಂಗಾಳಿ ನಟಿಯೊಬ್ಬರನ್ನು ಹೋಟೆಲಿಂದ ಹಾಲ್‌ಗೆ ಕರೆತರಲು ಹೇಳಿದರು. ಒಂದು ಕಾಲಕ್ಕೆ ಸಿನಿಮಾಗಳಲ್ಲಿ ಕುಣಿದು ಹೆಸರಾದವರು. ಈಗ ಗಂಡನ ಹೊಡೆತ ತಾಳದೆ ಮನೆ ಬಿಟ್ಟ ಹೆಂಗಸರಿಗಾಗಿ ದುಡಿಯುತ್ತಿದ್ದರು.

ಕಾರಲ್ಲಿ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. "ಬ್ರಿಸ್ಬೇನ್, ಅಡಿಲೇಡ್ ಎರಡೂ ಕಡೆ ಮಾತಾಡೋಕೆ ಬಿಡಲಿಲ್ಲ. ಬರೀ ಡಾನ್ಸ್, ಆಮೇಲೆ ಸೆಲ್ಫಿ," ಅಂದರು. ನನಗೂ ಒಂದು ಸೆಲ್ಫಿ ಬೇಕಿತ್ತು, ಫೋನನ್ನು ಜೇಬಲ್ಲೇ ಬಿಟ್ಟೆ.

ಹಾಲ್‌ನಲ್ಲಿ ಅಧ್ಯಕ್ಷರೂ ಅದನ್ನೇ ಹೇಳಿದರು. "ಮೇಡಮ್, ಇದು ಫ್ಯಾಮಿಲಿ ಪ್ರೋಗ್ರಾಂ. ಆ ವಿಷಯ ಬೇಡ, ಒಂದು ಡಾನ್ಸ್ ಸಾಕು."

ಅವರು ಕುಣಿದರು. ಮುಗಿದ ಮೇಲೆ ಏದುಸಿರು ಬಿಡುತ್ತಲೇ ಮೈಕ್ ತಗೊಂಡರು. "ಮನೆಗೆ ಹೋಗೋಕೆ ಭಯಪಡೋ ಹೆಂಗಸರಿದ್ದರೆ ಇಲ್ಲಿ ಕೈಯೆತ್ತಬೇಡಿ. ನಾನು ಲೇಡೀಸ್ ಟಾಯ್ಲೆಟ್‌ನಲ್ಲಿ ಮೇಕಪ್ ತೆಗೀತಾ ಇರ್ತೀನಿ. ಅಲ್ಲಿಗೆ ಯಾಕೆ ಹೋದೆ ಅಂತ ಯಾರೂ ಕೇಳಲ್ಲ."

ಊಟದ ಹೊತ್ತಿಗೆ ಆ ಬಾಗಿಲ ಮುಂದೆ ಸಾಲು ನಿಂತಿತ್ತು. ನಮ್ಮನೆ ಬಾರ್ಬೆಕ್ಯೂಗೆ ನಗುನಗುತ್ತಾ ಬರುವವರೂ ಅದರಲ್ಲಿದ್ದರು. ನಾನು ತಟ್ಟೆ ಹಿಡಿದು ಬೇರೆ ಕಡೆ ತಿರುಗಿ ಕೂತೆ.

ಊಟದ ಏರ್ಪಾಡಿಗೆ ಹೋಗಿದ್ದ ಅಧ್ಯಕ್ಷರಿಗೆ ಆ ಮಾತು ಕೇಳಿಸಿರಲಿಲ್ಲ. ಸಾಲು ನೋಡಿ, "ಮುಂದಿನ ಸಲ ಜಾಸ್ತಿ ಟಾಯ್ಲೆಟ್ ಇರೋ ಹಾಲ್ ಬುಕ್ ಮಾಡೋಣ ಕಣ್ರೀ," ಅಂದರು.