ಕಿವಿಯಲ್ಲಿ ಹೇಳಬೇಕಾದವಳು

ಅಕ್ಕನ ಮಗುವಿನ ತೊಟ್ಟಿಲ ದಿನ ಬಿಸಿಲಿತ್ತು ಎಂದು ಬರೆದು ಹೊಡೆದುಹಾಕಿದೆ. ಆಳಂದದಲ್ಲಿ ಬಿಸಿಲು ಎಂದಿಲ್ಲ? ಏನೂ ಹೊಳೆಯದಾಗ ನೆನಪು ಬಿಸಿಲನ್ನು ತಂದಿಡುತ್ತದೆ. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟು: ಕಡಲೆಕಾಳಿನ ಗುಗ್ಗರಿ ಬೆಂದಿತ್ತು, ತೊಟ್ಟಿಲು ಕಟ್ಟಿತ್ತು, ಅಫಜಲಪುರದ ಕಡೆಯಿಂದ ಅಕ್ಕನ ಗಂಡನ ಮನೆಯವರು ಬರಬೇಕಿತ್ತು.

ನಮ್ಮಲ್ಲಿ ಮಗುವಿನ ಹೆಸರನ್ನು ಮೊದಲು ಅದರ ಕಿವಿಯಲ್ಲಿ ಹೇಳುವವಳು ಸೋದರತ್ತೆ, ಅಪ್ಪನ ತಂಗಿ. ಅವಳು ಬಗ್ಗಿ ಉಸುರಿದ ಕೂಡಲೇ ಸುತ್ತಲಿನ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಅವಳು ಬಂದು ಹೆಸರಿಟ್ಟರೆ ಮಗು ಆ ಮನೆಯದು; ಬಾಣಂತನ ಮುಗಿಸಿ ಅಕ್ಕನೂ ಅಲ್ಲಿಗೇ ಹೋಗುತ್ತಾಳೆ. ಬಾರದಿದ್ದರೆ?

ಬಸುರಿಯಿದ್ದಾಗ ಮಾಡಿದ ರಕ್ತ ಪರೀಕ್ಷೆಯಲ್ಲಿ ಅಕ್ಕನಿಗೆ ಎಚ್‌ಐವಿ ಇರುವುದು ತಿಳಿದಿತ್ತು. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಅಕ್ಕ ನನ್ನನ್ನು ಒಳಗೆ ಕರೆದಿದ್ದಳು. ಆಪ್ತಸಮಾಲೋಚಕಿ ಬಾಗಿಲು ಮುಚ್ಚಿ, “ದಿನಾ ಗುಳಿಗಿ ತಗೊಂಡ್ರ ಕೂಸಿಗಿ ಬರದಂಗ ನೋಡ್ಕೋಬಹುದ್ರಿ,” ಎಂದರು. ಆಮೇಲೆ, “ನೀವು ಬರದು ಒಪ್ಪಿಗಿ ಕೊಡದ ಹೊರತು ಇಲ್ಲಿ ಯಾರೂ ಇದನ್ನ ಹೊರಗ ಹೇಳಂಗಿಲ್ಲ. ಕಾನೂನೇ ಅದ.”

ಗಂಡನಿಗೆ ಅಕ್ಕ ತಾನೇ ಹೇಳಿದಳು. ಪರೀಕ್ಷೆಗೆ ಬರುತ್ತೇನೆ ಎಂದವನು ಬರಲಿಲ್ಲ. ಅವ್ವನಿಗೆ ಹೇಳಿರಲಿಲ್ಲ.

ಹೆರಿಗೆಯ ಹೊತ್ತಿನಲ್ಲಿ ಅಕ್ಕನ ಕೈ ಹಿಡಿದು ಕೂತ ನರ್ಸ್ ಜೇವರ್ಗಿ ಕಡೆಯವಳು, ಅಕ್ಕನ ಅತ್ತೆಗೆ ತವರಿನ ಸಂಬಂಧ. ಅವಳು ಒಳ್ಳೆಯವಳು. ಹಾಗೆ ಬರೆಯದೆ ಬಿಟ್ಟರೆ ಈ ಕಥೆ ಸಲೀಸಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಡೆ ಗೊತ್ತಿದ್ದೂ ಸಂಬಂಧಿಕರಿಗೆ ಹೇಳದಿರುವುದನ್ನು ದ್ರೋಹವೆಂದು ತಿಳಿಯುತ್ತಾರೆ.

ತೊಟ್ಟಿಲ ದಿನ ಬೆಳಿಗ್ಗೆ ಅಕ್ಕನ ಅತ್ತೆಯ ಫೋನು ಬಂತು. ಅವ್ವನ ಕೈಗೆ ಕಡಲೆಕಾಳಿನ ನೀರು ಅಂಟಿತ್ತು, ಹಾಗಾಗಿ ಸ್ಪೀಕರ್ ಹಾಕಿದೆ.

“ದವಾಖಾನ್ಯಾಗಿನ ನರ್ಸು, ನಮ್ಮ ಹುಡುಗಿನೇ ಹೇಳ್ಯಾಳ್ರಿ. ‘ನಮ್ಮವರಂತ ಹೇಳಾಕತ್ತೇನಿ ಅತ್ತಿ, ಮತ್ಯಾರ ಮುಂದೂ ಹೇಳಬ್ಯಾಡ್ರಿ’ ಅಂದಾಳ. ನೀವು ಬೀಗರಾಗಿ ಎಚ್‌ಐವಿ ಮುಚ್ಚಿಟ್ರಿ.”

ಅವ್ವನಿಗೆ ತಿಳಿದದ್ದು ಆಗಲೇ. ಅವಳು ಏನೆಂದು ಕೇಳಲಿಲ್ಲ. “ಮಗಳನ್ನರೆ ಕಳಸ್ರಿ. ಹೆಸರಿಟ್ಟು ಹೋಗ್ಲಿ,” ಎಂದಳು.

“ಆಕಿದಿನ್ನಾ ಲಗ್ನ ಆಗಬೇಕ್ರಿ.”

ನಾನು ಹಿತ್ತಲಿಗೆ ಹೋಗಿ ಸಮಾಲೋಚಕಿಗೆ ಫೋನು ಮಾಡಿದೆ. ಹೊರಗೆ ಹೇಳಿದ ನರ್ಸ್ ಮೇಲೆ ತಕರಾರು ಕೊಡಬಹುದು, ಕೋರ್ಟಿನಲ್ಲಿ ಅಕ್ಕನ ಹೆಸರು ಬಯಲಾಗದಂತೆ ನಡೆಸಲು ಕೇಳಬಹುದು ಎಂದರು. ಹಾಲೂಡುತ್ತಿದ್ದ ಅಕ್ಕನಿಗೆ ಹೇಳಿದೆ.

“ಸಾಕ್ಷಿ ಹೇಳಾಕ ಅತ್ತಿನ್ನೇ ಕರೀತಾರಲ್ಲ?”

“ಹೂಂ.”

“ಆಕಿ ಬಾಯಿ ಯಾರು ಮುಚ್ಚತಾರ?”

ನಾನು ಫೋನು ಕೆಳಗಿಟ್ಟೆ.

ಓಣಿಯ ಹೆಂಗಸರು ಬಂದು ಕೂತರು. ಪಕ್ಕದ ಮನೆಯವಳು, “ನಿಮ್ಮ ಬೀಗರು ಬಸ್ಸಿನ್ಯಾಗ ನಿದ್ದಿ ಹೊಡದು ಸೋಲಾಪುರಕ್ಕ ಹೋದ್ರೇನಬೇ?” ಎಂದಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳೆಂದು ನೆನಪು, ಆದರೆ ಅದನ್ನು ನಂಬಲಾರೆ.

ಕೊನೆಗೆ ಅಕ್ಕ ತಾನೇ ಎದ್ದು ತೊಟ್ಟಿಲೊಳಗೆ ಬಗ್ಗಿದಳು. ಮಗುವಿನ ಕಿವಿಗೆ ತುಟಿ ಹಚ್ಚಿ ಏನೋ ಹೇಳಿದಳು. ಯಾರೂ ಗುದ್ದಲಿಲ್ಲ. ಅವ್ವ ಅವಳ ಬೆನ್ನ ಮೇಲೆ ಕೈ ಇಟ್ಟಳು, ತೆಗೆಯಲಿಲ್ಲ.

“ಏನಂತ ಹೆಸರಿಟ್ಟಿಬೇ?” ಪಕ್ಕದ ಮನೆಯವಳು ಕೇಳಿದಳು.

“ಕೂಸು ಒಪ್ಪಿಗಿ ಕೊಡ್ಲಿ, ಹೇಳ್ತೇನಿ,” ಎಂದಳು ಅಕ್ಕ.

ಬೀಗರ ಪಾಲಿನ ಗುಗ್ಗರಿಯನ್ನು ಅವ್ವ ಸಂಜೆಯವರೆಗೂ ತಾಟು ಮುಚ್ಚಿ ಇಟ್ಟಿದ್ದಳು. ತೆಗೆದಾಗ ಹಳಸಿತ್ತು. ಹಾಗಾದರೆ ಆ ದಿನ ಬಿಸಿಲಿದ್ದಿರಲೇಬೇಕು.